ಬಂದ ಆಕ್ಷೇಪಣೆಗಳು: ಒಂದು

ಜೂನ್ 4

ಕೇಳಿರಯ್ಯಾ ಕೇಳಿ. ಮುಂದಿನ ಸಾಲಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಭಾವನವರೇ, ನೆಲದ ಮೇಲೆ ಪುಸ್ತಕ ಹರಡಿಕೊಂಡು ಓದುವ ನಟನೆ ಮಾಡುತ್ತಿರುವ ಚಿಕ್ಕರಾಣಿಯೇ, ಕೆಲಸದಿಂದ ಬಂದು ಚಪ್ಪಲಿ ಕೂಡ ಬಿಡದೆ ಈ ಲಕೋಟೆ ಒಡೆದ ನನ್ನ ತಂಗಿಯೇ, ಗೋಡೆಗೆ ಕಿವಿ ಕೊಟ್ಟು ನಿಂತ ಪಕ್ಕದ ಮನೆಯ ಮಹನೀಯರೇ, ಎಲ್ಲರೂ ಕೂತುಕೊಳ್ಳಿ. ಹಿಂದಿನವರು ಗದ್ದಲ ಮಾಡಬೇಡಿ. ಪರದೆ ಏಳುತ್ತಿದೆ.

ತಂಗೀ, ಇದನ್ನು ಗಟ್ಟಿಯಾಗಿ ಓದು. ಮನಸ್ಸಿನಲ್ಲೇ ಓದಿಕೊಳ್ಳುವವರಿಗಾಗಿ ನಾನು ಬರೆಯುವವನಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ನನ್ನ ದನಿಗೆ ಹೆದರಿ ಫೋನನ್ನು ಮೇಜಿನ ಮೇಲಿಟ್ಟು ಪಾತ್ರೆ ತೊಳೆಯುತ್ತೀಯಂತೆ. ಭಾವನವರೇ ಬಾಯಿಬಿಟ್ಟರು.

ನಿನ್ನೆ ಬೆಳಿಗ್ಗೆ ಅಂಗಡಿ ತೆಗೆದು, ಶಾಲೆಯವರು ನಾಟಕಕ್ಕೆ ಬಾಡಿಗೆಗೆ ಒಯ್ದಿದ್ದ ಗಡ್ಡಗಳನ್ನು ಬಿಸಿಲಿಗೆ ಹಾಕುತ್ತಿದ್ದೆ. ಮೂವರು ರಾಜರ ಗಡ್ಡದಲ್ಲೂ ಐಸ್‌ಕ್ರೀಮು. ಅಷ್ಟರಲ್ಲಿ ಏಣಿ ಹೊತ್ತ ಒಬ್ಬ ಆಸಾಮಿ ಬಂದು ನಮ್ಮೆದುರಿನ ದೀಪದ ಕಂಬಕ್ಕೆ ಒಂದು ನೋಟೀಸು ಅಂಟಿಸಿ ಹೋದ. ಓದಿದೆ. ಇನ್ನು ಮೇಲೆ ಸಿಟಿ ಬಸ್ಸು ನಮ್ಮ ಬೀದಿಗೆ ಬರುವುದಿಲ್ಲವಂತೆ. ಮೆಟ್ಟಿಲು ಹತ್ತಿ ಸೇರಬೇಕಾದ ಮೇಲಿನ ರಸ್ತೆಯಲ್ಲೇ ಹಾಯ್ದು ಹೋಗುತ್ತದಂತೆ. ಕಾರಣ, ಬೀದಿಯಲ್ಲಿ ಬಸ್ಸು ಸಿಕ್ಕಿಹಾಕಿಕೊಂಡು ತಡವಾಗುತ್ತಿದೆಯಂತೆ. ಆಕ್ಷೇಪಣೆ ಇದ್ದವರು ಬರೆದು ಕೊಡಬಹುದು, ಪುರಭವನದಲ್ಲಿ ಅಹವಾಲು ಸಭೆ ಇದೆ, ಬಂದು ಮಾತಾಡಬಹುದು ಅಂತ ಕೊನೆಗೊಂದು ಸಾಲು.

ಮಾತಾಡಬಹುದು. ಈ ಪದವನ್ನು ಸರ್ಕಾರ ನನ್ನ ಕಂಬಕ್ಕೇ ತಂದು ಅಂಟಿಸಿದೆ ನೋಡು. ಹುಲಿಯ ಗುಹೆ ಹುಡುಕಿಕೊಂಡು ಬಂದು ಬಾಗಿಲು ತಟ್ಟಿದ ಹಾಗಾಯಿತು.

ನಿರ್ದೇಶನ ನನ್ನದೇ ಅಂತ ಬೀದಿ ಒಕ್ಕೊರಲಿನಿಂದ ತೀರ್ಮಾನಿಸಿತು. ಅಂದರೆ ನಾನು ಹೇಳಿದೆ, ಯಾರೂ ಬೇಡವೆನ್ನಲಿಲ್ಲ. ಇನ್ನು ಪಾತ್ರ ಹಂಚಿಕೆ. ಬೇಕರಿಯವನಿಗೆ ಕರುಣರಸ. ಅವನ ಮುಖವೇ ಹಾಗಿದೆ, ಬನ್ನು ಕೊಡುವಾಗಲೂ ಕ್ಷಮೆ ಕೇಳುವಂತಿರುತ್ತಾನೆ. ಕನ್ನಡಕದಂಗಡಿಯವರಿಗೆ ವೀರರಸ. ರಿಟೈರಾದ ಲೆಕ್ಕದ ಟೀಚರಿಗೆ ರೌದ್ರ. ಅವರಿಗೆ ಅಭ್ಯಾಸ ಬೇಕಿಲ್ಲ, ಬೀದಿಯ ಅರ್ಧ ಗಂಡಸರು ಈಗಲೂ ಅವರನ್ನು ಕಂಡರೆ ಸಿಗರೇಟು ಬಚ್ಚಿಡುತ್ತಾರೆ. ಉಳಿದ ಮನೆಗಳವರೆಲ್ಲ ಮೇಳ. ತಾಲೀಮು ಪ್ರತಿ ಸಂಜೆ ನಮ್ಮಂಗಡಿಯ ಕಟ್ಟೆಯ ಮೇಲೆ. ಹೋದ ವರ್ಷ ಕಟ್ಟೆಯನ್ನು ಮುಂದಕ್ಕೆ ಎಳೆಸಿ ದೊಡ್ಡದು ಮಾಡಿಸಿದೆನಲ್ಲ, ಈಗ ಅದರ ಮೇಲೆ ಇಬ್ಬರು ರಾಜರು ಡಿಕ್ಕಿ ಹೊಡೆಯದೆ ಯುದ್ಧ ಮಾಡಬಹುದು. ನೀನಿನ್ನೂ ನೋಡಿಲ್ಲ.

ಮುಖ್ಯ ಸಂಭಾಷಣೆ ಬರೆದಾಗಿದೆ. ಎಲ್ಲರಿಗೂ ಅದೇ, ರಸ ಮಾತ್ರ ಬೇರೆ: "ಈ ಬಸ್ಸು ನಮ್ಮ ಬೀದಿಯ ಹೃದಯನಾಡಿ ಸ್ವಾಮೀ. ನಾಡಿ ನಿಂತರೆ ದೇಹ ಉಳಿದೀತೇ?" ಹೇಗಿದೆ?

ನಿನ್ನ ಅತ್ತಿಗೆಗೆ ಏನೂ ಆಗಿಲ್ಲ, ಆರಾಮಾಗಿದ್ದಾಳೆ.

ನಿನ್ನ ಅಣ್ಣ


ಜೂನ್ 11

ಅಣ್ಣಾ,

ನಿನ್ನ ಕಾಗದ ಗಟ್ಟಿಯಾಗಿಯೇ ಓದಿದೆ. ಐಸ್‌ಕ್ರೀಮಿನ ಗಡ್ಡಕ್ಕೆ ಇವರು ನಕ್ಕಿದ್ದು ಇನ್ನೂ ನಿಂತಿಲ್ಲ. ಚಿಕ್ಕರಾಣಿ ನಿನಗೊಂದು ಚಿತ್ರ ಬರೆದಿದ್ದಾಳೆ, ಜೊತೆಗಿಟ್ಟಿದ್ದೇನೆ. ಬಾಯಿ ಅಷ್ಟು ದೊಡ್ಡದಾಗಿ ಬರೆದದ್ದು ಅವಳದೇ ಕಲ್ಪನೆ, ನಾನು ಹೇಳಿಕೊಟ್ಟದ್ದಲ್ಲ.

ಸಭೆಯ ಬಗ್ಗೆ ಹೆಚ್ಚು ಬರೆಯುವಂತಿಲ್ಲ. ನಾನು ಯಾವ ಇಲಾಖೆಯಲ್ಲಿದ್ದೇನೆ ಅಂತ ನಿನಗೆ ಗೊತ್ತು. ಇಷ್ಟು ಮಾತ್ರ, ಯಾರು ಕೇಳಿದರೂ ಹೇಳುವುದನ್ನೇ ನಿನಗೂ ಹೇಳುತ್ತೇನೆ: ಪ್ರತಿಯೊಬ್ಬರೂ ಅವರವರ ಮಾತಿನಲ್ಲೇ ಹೇಳಲಿ. ಚೆನ್ನಾಗಿ ಹೇಳದಿದ್ದರೂ ಪರವಾಗಿಲ್ಲ. ನೋಟೀಸಿನಲ್ಲಿ ಬರೆದ ಕಾರಣಕ್ಕೆ ಉತ್ತರ ಕೊಡಲಿ. ದಯವಿಟ್ಟು ಇದೊಂದನ್ನು ತಮಾಷೆ ಮಾಡದೆ ಕೇಳು.

ಇನ್ನೊಂದು. ಅತ್ತಿಗೆಗೆ ಏನೂ ಆಗಿಲ್ಲ ಅಂತ ಯಾಕೆ ಬರೆದೆ? ನಾನು ಕೇಳಿರಲಿಲ್ಲವಲ್ಲ.

ನಿನ್ನ ತಂಗಿ


ಜೂನ್ 20

ಚಪ್ಪಾಳೆ ಎಲ್ಲಿ, ಚಪ್ಪಾಳೆ?

ಭಾವನವರೇ, ಚಿಕ್ಕರಾಣಿಯೇ, ಗೋಡೆಯಾಚೆಯ ಮಹನೀಯರೇ, ಪುರಭವನದಲ್ಲಿ ನಿನ್ನೆ ನಡೆದದ್ದನ್ನು ವರ್ಣಿಸಲು ನನಗೆ ಎರಡು ನಾಲಿಗೆ ಬೇಕಿತ್ತು. ಎಂಥ ಭವನ. ಎಷ್ಟು ಎತ್ತರದ ಚಾವಣಿ. ಒಂದು ಸಲ ಕೆಮ್ಮಿದರೆ ನಾಲ್ಕು ಸಲ ಕೇಳಿಸುತ್ತದೆ. ಅಂಥಲ್ಲಿ ಸರ್ಕಾರದ ಕಡೆಯಿಂದ ಬಂದ ಅಧಿಕಾರಿ ಮೈಕು ಹಿಡಿದೂ ಪಿಸುಗುಟ್ಟುತ್ತಿದ್ದರು ಕಣೇ. ನನಗೆ ಹೊಟ್ಟೆ ಉರಿದುಹೋಯಿತು.

ಮೊದಲು ಕನ್ನಡಕದಂಗಡಿಯವರು ಎದ್ದರು. ಎದೆ ಮುಂದೆ, ಕೈ ಮೇಲೆ, "ಹೃದಯನಾಡಿ ಸ್ವಾಮೀ" ಅಂದರು ನೋಡು, ಫ್ಯಾನೇ ನಿಂತಂತಾಯಿತು. ಆಮೇಲೆ ಟೀಚರ್. ಆಮೇಲೆ ನಮ್ಮ ಬೇಕರಿಯವನು. "ಈ ಬಸ್ಸು ನಮ್ಮ ಬೀದಿಯ..." ಅಂದವನಿಗೆ ಮುಂದಿನದು ಮರೆತುಹೋಯಿತು. ಕಂಬದ ಹಿಂದೆ ನಾನಿದ್ದೆ, ನಿಧಾನಕ್ಕೆ ಹೇಳಿಕೊಟ್ಟೆ. ನನ್ನ ನಿಧಾನ ನಿನಗೆ ಗೊತ್ತಲ್ಲ. ಬೇಕರಿಯವನು ಕಂಬದ ಕಡೆ ನೋಡಿದ. ಅಧಿಕಾರಿಯೂ ಕಂಬದ ಕಡೆ ನೋಡಿದರು. ಆದರೇನು, ಸಾಲು ಮುಗಿಯಿತು, ಅವನ ಕಣ್ಣಲ್ಲಿ ನಿಜವಾದ ನೀರು. ಭಯಕ್ಕೆ ಬಂದದ್ದು ಅಂತ ಅವನೇ ಹೇಳುತ್ತಾನೆ, ನಾನು ಒಪ್ಪುವುದಿಲ್ಲ. ಬೀದಿಯ ಮನೆಮನೆಯಿಂದ ಬರೆಸಿದ ಆಕ್ಷೇಪಣೆಗಳನ್ನೆಲ್ಲ ಒಂದೇ ಕಟ್ಟು ಕಟ್ಟಿ, ಕಿರೀಟಕ್ಕೆ ಸುತ್ತುವ ಜರಿದಾರ ಬಿಗಿದು ಅವರ ಕೈಗಿಟ್ಟೆವು. ಒಂದಕ್ಷರ ಹೆಚ್ಚುಕಮ್ಮಿಯಿಲ್ಲ, ಎಲ್ಲದರಲ್ಲೂ ನನ್ನದೇ ಸಂಭಾಷಣೆ.

ಅವರವರ ಮಾತಿನಲ್ಲೇ ಹೇಳಲಿ ಅಂತ ಬರೆದಿದ್ದೆಯಲ್ಲ, ತಂಗೀ, ನಿನಗೆ ರಂಗದ ಅನುಭವ ಸಾಲದು. ಬೇಕರಿಯವನನ್ನು ಅವನ ಮಾತಿಗೇ ಬಿಟ್ಟಿದ್ದರೆ "ಅದೂ... ಅಂದ್ರೇ... ಏನಿಲ್ಲ ಬಿಡಿ" ಅಂತ ಕೂತುಬಿಡುತ್ತಿದ್ದ. ಬಸ್ ಪಾಸು ಬರೆದುಕೊಡುವ ಕೌಂಟರಿನಲ್ಲಿ ಕೂತವಳಿಗೆ ಜನರನ್ನು ಮಾತಾಡಿಸುವ ಕಷ್ಟ ಹೇಗೆ ಗೊತ್ತಾಗಬೇಕು?

ಟೀಚರಮ್ಮ ಮಾತ್ರ ತಾಲೀಮಿನಲ್ಲಿ ತಕರಾರು ತೆಗೆದಿದ್ದರು. "ಬಸ್ಸು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ಯಾಕೆ ಅಂತಲೂ ಹೇಳಬೇಕಲ್ಲವೇನಯ್ಯಾ?" ಅಂದರು. "ದೃಶ್ಯ ಉದ್ದ ಆಗುತ್ತೆ ಟೀಚರ್" ಅಂದೆ. ಕತ್ತರಿಸಿದೆ.

ಅತ್ತಿಗೆ ಸಭೆಗೆ ಬರಲಿಲ್ಲ. ಪುರಭವನಕ್ಕೆ ಮೆಟ್ಟಿಲು ಜಾಸ್ತಿ. ಅಂದರೆ, ಅವಳಿಗೆ ಕೆಲಸ ಜಾಸ್ತಿ ಇತ್ತು.

ವಿಜಯೀ ಅಣ್ಣ


ಜುಲೈ 8

ತಂಗೀ,

ನಿನ್ನಿಂದ ಒಂದು ಸಾಲೂ ಇಲ್ಲ. ನಾನು ಹೊಗಳಿಕೊಂಡದ್ದು ಹೆಚ್ಚಾಯಿತೋ, ಪಾಸಿನ ಕೌಂಟರು ಅಂದದ್ದಕ್ಕೆ ಕೋಪವೋ. ಇರಲಿ. ನನ್ನ ಕೋಪದ ಮುಂದೆ ನಿನ್ನದು ಚಿಲ್ಲರೆ, ಕೇಳು.

ಏಣಿಯವನು ಮತ್ತೆ ಬಂದ. ಅದೇ ಕಂಬ, ಹೊಸ ಆದೇಶ. ಸೆಪ್ಟೆಂಬರ್ ಒಂದರಿಂದ ಬಸ್ಸು ಮೇಲಿನ ರಸ್ತೆಗೆ. ಅದರ ಕೆಳಗೆ ಬರೆದದ್ದನ್ನು ಹಾಗೆಯೇ ಇಳಿಸುತ್ತೇನೆ: "ಬಂದ ಆಕ್ಷೇಪಣೆಗಳು: ಒಂದು. ವಿಷಯ: ಬಸ್ಸು ಬೀದಿಯ ಹೃದಯನಾಡಿ. ಕಾರಣ ನೀಡಿರುವುದಿಲ್ಲ."

ಒಂದು! ಇಡೀ ಬೀದಿ ಹೋಗಿ ಗುಡುಗಿ ಬಂದಿದೆ, ಕಟ್ಟು ಹೊರುವುದಕ್ಕೆ ಎರಡು ಕೈ ಬೇಕಾಗಿತ್ತು, ಅವರಿಗೆ ಅದು ಒಂದು. ಯಾವ ಕತ್ತೆ ಎಣಿಸಿದ್ದು ಇದನ್ನು? ಮುಖ್ಯ ಕಚೇರಿಯಲ್ಲಿ ಯಾವುದೋ ಮೇಜಿನ ಹಿಂದೆ ಕೂತು ಜರಿದಾರ ಬಿಚ್ಚಿ ಈ ಲೆಕ್ಕ ಹಾಕಿದ ಮಹಾನುಭಾವನ ಕಣ್ಣಿಗೆ ಯಾವ ಪರದೆ ಬಿದ್ದಿತ್ತು? ನಿನ್ನ ಕಚೇರಿಯೇ ತಾನೇ, ಸ್ವಲ್ಪ ವಿಚಾರಿಸು. ಆ ಪ್ರಾಣಿ ಸಿಕ್ಕರೆ ನನ್ನ ಪರವಾಗಿ ಒಂದು ಮಾತು ಹೇಳು. ಯಾವ ಮಾತು ಅಂತ ನೀನೇ ಆರಿಸಿಕೋ, ನಾನು ಬರೆದರೆ ಅಂಚೆಯವರು ಲಕೋಟೆ ಮುಟ್ಟುವುದಿಲ್ಲ.

ಈಗ ಮೆಲ್ಲಗೆ ಓದು. ಇನ್ನು ಮುಂದಿನದು ಭಾವನಿಗೂ ಬೇಡ.

ನಿನ್ನ ಅತ್ತಿಗೆಯ ಮಂಡಿ ಹೋಗಿದೆ. ಎರಡೂ. ನಿನಗೆ ತಿಳಿಸಬಾರದು ಅಂತ ಆಣೆ ಹಾಕಿಸಿಕೊಂಡಿದ್ದಳು. ಆಸ್ಪತ್ರೆಯ ಹೊಲಿಗೆ ಕೋಣೆಗೆ ಈಗಲೂ ಹೋಗುತ್ತಾಳೆ, ಹೇಗೆಂದರೆ ಬಸ್ಸು ನಮ್ಮ ಬಾಗಿಲಿಗೇ ಬರುತ್ತದೆ, ಆಸ್ಪತ್ರೆಯ ಬಾಗಿಲಿಗೇ ಬಿಡುತ್ತದೆ. ಆ ಕೋಣೆಯಲ್ಲಿ ಅವಳ ಮಾತೇ ಮಾತು. ಹರಿದ ಹಾಸಿಗೆ ಬಟ್ಟೆ ಯಾವುದು ಉಳಿಯಬೇಕು, ಯಾವುದು ಬಿಸಾಡಬೇಕು ಅಂತ ದೊಡ್ಡ ಡಾಕ್ಟರೂ ಅವಳನ್ನೇ ಕೇಳಬೇಕು. ಮನೆಯಲ್ಲಿ ಇಡೀ ಜನ್ಮ ನನ್ನ ಮಾತು ಕೇಳಿದವಳಿಗೆ ಅಲ್ಲಿ ತಾನು ಮಾತಾಡುವ ಸುಖ ಇದೆ ಕಣೇ.

ಆದೇಶ ಓದಿದ ದಿನ ಅವಳು ಮೇಲಿನ ರಸ್ತೆಯ ಮೆಟ್ಟಿಲು ಹತ್ತಿ ನೋಡಿಬಂದಳು, ನನಗೆ ಹೇಳದೆ. ಅರ್ಧದಲ್ಲಿ ಕೂತಿದ್ದಳಂತೆ. ಬೇಕರಿಯವನು ನೋಡಿ ಕೈಹಿಡಿದು ಇಳಿಸಿ ತಂದ. ನಾನು ಕೇಳಿದರೆ "ಗಾಳಿ ಚೆನ್ನಾಗಿತ್ತು" ಅಂದಳು. ನಿನ್ನೆ, ಕೆಲಸ ಬಿಡುವುದಾದರೆ ಯಾರಿಗೆ ಬರೆದುಕೊಡಬೇಕು ಅಂತ ವಿಚಾರಿಸುತ್ತಿದ್ದಳು.

ಏನಾದರೂ ಮಾಡು.

ಅಣ್ಣ


ಜುಲೈ 12

ಅಣ್ಣಾ,

ಆ ಕತ್ತೆ ನಾನೇ.

ಪಾಸಿನ ಕೌಂಟರು ಬಿಟ್ಟು ಬಹಳ ದಿನ ಆಯಿತು. ನಿನಗೆ ಹೇಳಿದ್ದೆ, ನೀನು ಆಗ ಮಾತಾಡುತ್ತಿದ್ದೆ. ಬೇರೆ ಬೇರೆ ಊರಿನಿಂದ ಬರುವ ಆಕ್ಷೇಪಣೆಗಳನ್ನು ಓದಿ, ವಿಂಗಡಿಸಿ, ಸಾರ ಬರೆದು ಮೇಲೆ ಕಳಿಸುವುದು ಈಗ ನನ್ನ ಕೆಲಸ. ಜರಿದಾರ ಬಿಚ್ಚುವ ಮೊದಲೇ ಅದು ಯಾವ ಅಂಗಡಿಯದು ಅಂತ ಗೊತ್ತಾಯಿತು. ಚಿಕ್ಕವಳಿದ್ದಾಗ ಆ ದಾರದಲ್ಲೇ ಅಲ್ಲವೇ ನೀನು ನನಗೆ ಜಡೆ ಹಾಕುತ್ತಿದ್ದದ್ದು.

ಅಷ್ಟನ್ನೂ ಓದಿದೆ, ಒಂದೊಂದಾಗಿ. ಹೃದಯನಾಡಿ. ಹೃದಯನಾಡಿ. ಹೃದಯನಾಡಿ. ಎಷ್ಟು ಜನ ಬರೆದರೂ ಮಾತು ಒಂದೇ ಆಗಿದ್ದರೆ ಅದನ್ನು ಒಂದು ಅಭಿಪ್ರಾಯ ಅಂತ ಹಿಡಿಯಬೇಕು ಅನ್ನುವುದು ನಮ್ಮ ನಿಯಮ. ಕೆಟ್ಟ ನಿಯಮ ಅಂತ ನೀನು ಕೂಗುವ ಮೊದಲು ಕೇಳು. ಹಿಂದೊಮ್ಮೆ ಒಂದು ಊರಲ್ಲಿ ಒಬ್ಬ ಶ್ರೀಮಂತ ಒಂದೇ ಹಾಳೆ ಅಚ್ಚು ಹಾಕಿಸಿ ಕೂಲಿಯವರಿಂದ ರಾಶಿ ರಾಶಿ ರುಜು ಮಾಡಿಸಿ ತಂದಿದ್ದ. ಜೋರು ದನಿಯ ಒಬ್ಬನು ಊರಿನ ಬಾಯನ್ನೆಲ್ಲ ಬಾಡಿಗೆಗೆ ತಗೋಬಾರದು ಅಂತ ಈ ನಿಯಮ ಬಂತು. ನಿನ್ನ ಕಟ್ಟಿಗೆ ನಾನು ಬೇರೆ ನ್ಯಾಯ ಮಾಡಲು ಬರುತ್ತಿರಲಿಲ್ಲ. ಒಂದು ಅಂತ ಬರೆದೆ. ಆಮೇಲೆ ಎದ್ದು ಹೋಗಿ ಮೇಲಧಿಕಾರಿಗೆ "ಇದು ನನ್ನ ಅಣ್ಣನ ಬೀದಿ" ಅಂದೆ. "ಮೊದಲೇ ಹೇಳಬೇಕಿತ್ತಲ್ಲಮ್ಮ" ಅಂದರು. ನಿಜ. ಕಡತ ನನ್ನಿಂದ ತೆಗೆದರು, ಇನ್ನೊಮ್ಮೆ ಬೇರೆಯವರಿಂದ ಓದಿಸಿದರು. ಅವರಿಗೂ ಒಂದೇ ಬಂತು. ಕಡತ ಮುಗಿಯುವವರೆಗೆ ನಿನಗೆ ಬರೆಯುವಂತಿರಲಿಲ್ಲ, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ. ಈ ಮನೆಯಲ್ಲಿ ಆ ವಿದ್ಯೆ ನನಗಾದರೂ ಬರುತ್ತದೆ.

ನಿಜವಾಗಿ ಕೋಪ ಬಂದದ್ದು ಯಾಕೆ ಗೊತ್ತಾ? ಅಷ್ಟು ಹಾಳೆಗಳಲ್ಲಿ ನಾನು ಒಂದೇ ಒಂದು ವಿಷಯ ಹುಡುಕಿದೆ. ಈ ಮನುಷ್ಯ ಆ ಬಸ್ಸು ಯಾಕೆ ಹತ್ತುತ್ತಾನೆ? ಯಾರೂ ಬರೆದಿರಲಿಲ್ಲ. ಅತ್ತಿಗೆಯ ಹಾಳೆಯೂ ಇತ್ತು. ಅವಳ ಅಕ್ಷರ, ನಿನ್ನ ನಾಡಿ. ಒಂದು ಸಾಲು "ನನ್ನ ಮಂಡಿ ನೋಯುತ್ತದೆ, ಮೆಟ್ಟಿಲು ಹತ್ತಲಾಗುವುದಿಲ್ಲ, ಕೆಲಸ ಹೋಗುತ್ತದೆ" ಅಂತ ಅವಳು ಬರೆದಿದ್ದರೆ ಅದು ಇನ್ನೊಂದು ಆಕ್ಷೇಪಣೆ ಆಗುತ್ತಿತ್ತು. ಅವಳ ಮಂಡಿಯ ಸುದ್ದಿ ನನಗೆ ನಿನ್ನ ಬೈಗುಳದ ಬೆನ್ನಿಗೆ ಬರಬೇಕಾಯಿತೇ?

ಈಗ ಹೇಳುವುದನ್ನು ಕಚೇರಿಗೆ ಬಂದ ಯಾರಿಗಾದರೂ ಹೇಳುತ್ತೇನೆ. ಆದೇಶ ಜಾರಿಯಾಗುವ ಮೊದಲು ನಿವಾಸಿಗಳು ಮರುಪರಿಶೀಲನೆ ಕೇಳಬಹುದು. ಸಭೆಯನ್ನು ಬೀದಿಯಲ್ಲೇ ನಡೆಸಿ ಅಂತಲೂ ಕೇಳಬಹುದು. ಪ್ರತಿಯೊಬ್ಬರೂ ಬೇರೆ ಬೇರೆ ಬರೆಯಬೇಕು. ಮತ್ತೆ ಬಸ್ಸು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದಕ್ಕೆ ಉತ್ತರ ಬೇಕು. ಎಲ್ಲಿ, ಅಣ್ಣಾ?

ಅತ್ತಿಗೆ ಕೆಲಸ ಬಿಡುವ ಪತ್ರ ಬರೆಯದಂತೆ ನೋಡಿಕೋ.

ನಿನ್ನ ತಂಗಿ


ಜುಲೈ 21

ತಂಗೀ,

ಇದನ್ನು ಗಟ್ಟಿಯಾಗಿ ಓದಬೇಡ.

ನಿನ್ನ ಕಾಗದ ಅಂಗಡಿಯಲ್ಲಿ ನಿಂತೇ ಓದಿದೆ. ಆಮೇಲೆ ಕೂತು ಓದಿದೆ. ಕಿರೀಟಗಳಿಗೆಲ್ಲ ಪಾಲಿಶ್ ಮಾಡಿದೆ, ಮಾಡಬೇಕಾಗಿರಲಿಲ್ಲ. ಸಂಜೆ ಅತ್ತಿಗೆಯ ಕೈಗೆ ಕೊಟ್ಟೆ. "ಆ ಕತ್ತೆ ನಾನೇ" ಅನ್ನುವಲ್ಲಿಗೆ ಬಂದು ನಗಲು ಶುರು ಮಾಡಿದಳು, ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟು ನಕ್ಕಳು. "ಮನೆತನಕ್ಕೇ ಬೈದಿರಲ್ಲ" ಅಂದಳು. ಮಂಡಿಯ ವಿಷಯ ಬಾಯಿಬಿಟ್ಟದ್ದಕ್ಕೆ ನನ್ನ ಜೊತೆ ಒಂದು ದಿನ ಮಾತು ಬಿಟ್ಟಳು. ಸಿಟ್ಟು ಇಳಿದ ಮೇಲೆ "ಅವಳು ಹೇಳಿದ್ದು ಸರಿ, ಹೋಗಿ ಕೇಳಿಕೊಂಡು ಬನ್ನಿ. ಹೇಳಿಕೊಟ್ಟು ಬರಬೇಡಿ" ಅಂತ ಅಟ್ಟಿದಳು.

ಹೋದೆ. ಮನೆಯಿಂದ ಮನೆಗೆ, ಕೈಯಲ್ಲಿ ಒಂದು ಹಾಳೆಯೂ ಇಲ್ಲದೆ.

ಬೇಕರಿಯವನು ಬೆಳಗಿನ ಮೊದಲ ಬಸ್ಸಿನಲ್ಲಿ ಬ್ರೆಡ್ಡಿನ ತಟ್ಟೆ ಏರಿಸಿ ಹಾಸ್ಟೆಲ್ಲಿಗೆ ಕಳಿಸುತ್ತಾನಂತೆ. ಕಂಡಕ್ಟರ್ ಒಂದು ಬನ್ನಿಗೆ ಒಪ್ಪಿಕೊಂಡಿದ್ದಾನಂತೆ. ನನಗೆ ಗೊತ್ತೇ ಇರಲಿಲ್ಲ, ದಿನಾ ಅವನ ಅಂಗಡಿಯಲ್ಲಿ ಟೀ ಕುಡಿಯುತ್ತೇನೆ. ಕನ್ನಡಕದಂಗಡಿಯವರ ಗಿರಾಕಿಗಳಲ್ಲಿ ಅರ್ಧ ಜನ ಕಣ್ಣು ಸರಿಯಿಲ್ಲದ್ದಕ್ಕೇ ಬರುವವರು. ಆ ಮೆಟ್ಟಿಲು ಇಳಿದು ಬಂದರೆ ಕನ್ನಡಕಕ್ಕೆ ಮುಂಚೆ ಕಾಲಿಗೆ ಪಟ್ಟಿ ಹಾಕಿಸಬೇಕಾಗುತ್ತದೆ ಅಂದರು.

ಟೀಚರ್ ಬಾಗಿಲು ಮುಂದೆ ಮಾಡಿ ನನ್ನನ್ನು ಕೂರಿಸಿದರು. "ನಾನು ಎಲ್ಲಿಗೂ ಹೋಗೋದಿಲ್ಲ ಕಣಯ್ಯಾ. ಮಧ್ಯಾಹ್ನ ಕಿಟಕಿ ಪಕ್ಕ ಕೂತ್ಕೊಂಡು ಬಸ್ಸು ತಿರುಗೋ ಕಡೆ ತನಕ ಹೋಗಿ ಅದರಲ್ಲೇ ವಾಪಸ್ಸು ಬರ್ತೀನಿ. ಅವರು ಹೋದಮೇಲೆ ಮನೇಲಿ ಮಧ್ಯಾಹ್ನ ಕಳೆಯೋದಿಲ್ಲ. ಇದನ್ನ ಬರೀಬಹುದಾ?" ಅಂದರು. ಸರ್ಕಾರ ಇದಕ್ಕೆ ಬಸ್ಸು ಬಿಡುತ್ತದೋ ಇಲ್ಲವೋ ನನಗೆ ತಿಳಿಯದು. ಬರೆಯಿರಿ ಟೀಚರ್ ಅಂದೆ.

ಎಲ್ಲರೂ ಬರೆದರು. ಕಾಗುಣಿತ ಕೂಡ ತಿದ್ದಲಿಲ್ಲ ನಾನು, ಕೈ ಕಡಿಯುತ್ತಿತ್ತು. ಬೀದಿಯಲ್ಲೇ ಸಭೆ ಕೊಡಿ ಅಂತ ಕೇಳಿದ್ದೇವೆ. ಜರಿದಾರ ಕಟ್ಟಿಲ್ಲ.

ಅಣ್ಣ


ಜುಲೈ 28

ಅಣ್ಣಾ,

ಸಭೆ ಆಗಸ್ಟ್ ಆರಕ್ಕೆ ಅಂತ ನಿಮಗೂ ತಿಳಿದಿರಬೇಕು. ನಾನು ಬರುವುದಿಲ್ಲ, ಬರಬಾರದು. ಬರುವ ಅಧಿಕಾರಿ ಕಡಿಮೆ ಮಾತಿನವರು, ಆದರೆ ಕಿವಿ ಚುರುಕು. ನಿಮ್ಮ ಹಾಳೆಗಳನ್ನು ನಾನು ನೋಡಿಲ್ಲ. ಬೇರೆ ಮೇಜಿನಲ್ಲಿವೆ. ಆ ಮೇಜಿನವನು ಮಧ್ಯಾಹ್ನ ಊಟಕ್ಕೆ ಏಳದೆ ಓದುತ್ತಿದ್ದುದನ್ನು ಮಾತ್ರ ದೂರದಿಂದ ಕಂಡೆ.

ನನ್ನ ಪ್ರಶ್ನೆಗೆ ನೀನು ಉತ್ತರ ಬರೆದಿಲ್ಲ. ಹೋದ ಸಲ ಬಂದಾಗ ಬೇಕರಿಯವರ ತಗಡಿನ ಚಾವಣಿ ಬೀದಿಗೆ ಚಾಚಿದ್ದು ನೆನಪಿದೆ. ಅದೇ ಇರಬೇಕು ಅಂತ ನನ್ನ ಊಹೆ. ಅವರ ಮರ್ಯಾದೆ ಕಾಯಲು ನೀನು ಸುಮ್ಮನಿದ್ದೀಯ ಅಲ್ಲವೇ? ನಿನ್ನ ಒಳ್ಳೆಯತನ ನನಗೆ ಗೊತ್ತು. ಆದರೂ ಅದನ್ನು ಯಾರಾದರೂ ಹೇಳದೆ ಈ ಗಂಟು ಬಿಚ್ಚುವುದಿಲ್ಲ.

ಆವತ್ತು ನಿನಗೊಂದು ಪಾರ್ಟು ಕೊಡಲೇ? ನಿನ್ನ ಹಳೆಯ ನಾಟಕ ಕಂಪನಿಯಲ್ಲಿ ಯಾರೂ ನಿನಗೆ ಕೊಡದೇ ಇದ್ದದ್ದು: ಮಾತಿಲ್ಲದ ಪಾರ್ಟು.

ಅತ್ತಿಗೆಗೆ ಮಂಡಿಗೆ ಹಾಕುವ ಪಟ್ಟಿ ಕಳಿಸಿದ್ದೇನೆ. ನಾಚಿಕೆ ಬಿಟ್ಟು ಹಾಕಿಕೊಳ್ಳಲು ಹೇಳು.

ನಿನ್ನ ತಂಗಿ


ಆಗಸ್ಟ್ 16

ನೆರೆದಿರುವ ಸಮಸ್ತರೇ, ಬನ್ನಿ, ಹತ್ತಿರ ಬನ್ನಿ. ಭಾವನವರೇ, ಕನ್ನಡಕ ಒರೆಸಿಕೊಳ್ಳಿ. ಚಿಕ್ಕರಾಣಿಯೇ, ನೀನು ಬರೆದ ಆ ದೊಡ್ಡ ಬಾಯಿಯನ್ನು ಒಂದು ಸಂಜೆಯ ಮಟ್ಟಿಗೆ ಮುಚ್ಚಲಾಗಿತ್ತು, ಅದರ ಕಥೆ ಇದು. ತಂಗೀ, ಗಟ್ಟಿಯಾಗಿ ಓದು, ಇಡೀ ಮಹಡಿಗೆ ಕೇಳಲಿ.

ಸಭೆಯಾಗಿ ಇಷ್ಟು ದಿನ ಬರೆಯದೆ ಇದ್ದದ್ದು ಯಾಕೆಂದರೆ, ಕೊನೆಯ ಅಂಕ ಮುಗಿಯದೆ ಅರ್ಧ ಕಥೆ ಹೇಳುವವನು ನಾನಲ್ಲ. ಇವತ್ತು ಮುಗಿಯಿತು.

ಆವತ್ತು ಸಂಜೆ ಅಂಗಡಿ ಅಂಗಡಿಯ ಕುರ್ಚಿಗಳು ಬೀದಿಗಿಳಿದವು. ಅಧಿಕಾರಿ ಬಂದರು, ಗಿಡ್ಡ ಹೆಂಗಸು, ಹೆಗಲಿಗೆ ಒಂದು ಬಟ್ಟೆ ಚೀಲ. ನಾನು ಕಟ್ಟೆಯ ಮೇಲೆ ನಮ್ಮ ನಾಟಕದ ಸಿಂಹಾಸನವನ್ನೇ ಹಾಕಿಸಿದ್ದೆ. ನೋಡಿದರು. "ಬೇಡ, ನಾನಿಲ್ಲೇ ಕೂತ್ಕೋತೀನಿ" ಅಂತ ಬೇಕರಿಯ ಸ್ಟೂಲು ಎಳೆದುಕೊಂಡು ಎಲ್ಲರ ನಡುವೆ ಕೂತರು. ನಾನು ಹಿಂದೆ ಹೋಗಿ ದೀಪದ ಕಂಬದ ಮರೆಯಲ್ಲಿ ಕುಕ್ಕರಿಸಿದೆ, ನೀನು ಕೊಟ್ಟ ಪಾರ್ಟು ಹಿಡಿದುಕೊಂಡು. ಎಂಥ ಕಠಿಣ ಪಾರ್ಟು ಕಣೇ ಅದು. ನಾಲಿಗೆಗೆ ಇರುವೆ ಮುತ್ತಿದಂತಾಗಿತ್ತು.

ಬೇಕರಿಯವನು ಎದ್ದ. "ಅದೂ... ಅಂದ್ರೇ..." ಅಂದ. ನನ್ನ ಬಾಯಿ ತನ್ನಷ್ಟಕ್ಕೆ ತೆರೆಯಿತು, ಕೈಯಿಂದ ಮುಚ್ಚಿಕೊಂಡೆ. ಅಧಿಕಾರಿ ಕಾದರು. ಅವಸರ ಮಾಡದೆ ಕಾದರು ನೋಡು. ಕೊನೆಗೆ ಅವನು ತಟ್ಟೆ, ಬನ್ನು, ಹಾಸ್ಟೆಲ್ಲು ಎಲ್ಲವನ್ನೂ ಹೇಳಿದ, ಕಂಡಕ್ಟರನಿಗೆ ತೊಂದರೆ ಕೊಡಬೇಡಿ ಅಂತಲೂ ಸೇರಿಸಿದ. ಟೀಚರ್ ತಮ್ಮ ಕಿಟಕಿಯ ಸೀಟಿನ ಮಾತು ಹೇಳಿದರು. ಮಾತು ಮುಗಿಸಿ ಕೂತ ಮೇಲೆ ಪಕ್ಕದ ಮನೆಯಾಕೆ "ನಾಳೆಯಿಂದ ನಾನೂ ಬರ್ತೀನಿ ಟೀಚರ್" ಅಂದಳು. "ಬಾ, ಆದ್ರೆ ಕಿಟಕಿ ನನ್ನದು" ಅಂದರು.

ಆಮೇಲೆ ಅಧಿಕಾರಿ ಕೇಳಿದರು. "ಬಸ್ಸು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ?"

ತಂಗೀ, ಇಡೀ ಬೀದಿ ಏಕಕಾಲಕ್ಕೆ ಆಕಾಶ ನೋಡಿತು. ಕನ್ನಡಕದಂಗಡಿಯವರು ಕನ್ನಡಕ ತೆಗೆದು ಒರೆಸಿದರು. ಬೇಕರಿಯವನು ಬೆವರು ಒರೆಸಿಕೊಂಡು, "ನನ್ನ ಚಾವಣಿ ಸ್ವಲ್ಪ ಮುಂದಿದೆ ಮೇಡಂ, ಬೇಕಾದ್ರೆ..." ಅಂದ. ನಿನ್ನ ಊಹೆಯೇ. ಅಧಿಕಾರಿ ಬರೆದುಕೊಳ್ಳಲು ಪೆನ್ನು ತೆಗೆದರು.

ಆಗ ನಿನ್ನ ಅತ್ತಿಗೆ ಎದ್ದಳು. ನೀನು ಕಳಿಸಿದ ಪಟ್ಟಿ ಕಟ್ಟಿಕೊಂಡು, ಬೇಕರಿಯ ಮೇಜು ಹಿಡಿದುಕೊಂಡು.

"ಅದನ್ನ ಬರ್ಕೋಬೇಡಿ ಮೇಡಂ. ಅವನ ಚಾವಣಿ ಬಸ್ಸಿನ ತಲೆಗಿಂತ ಮೇಲಿದೆ. ಬಸ್ಸು ಸಿಕ್ಕಿಹಾಕಿಕೊಳ್ಳೋದು ನಮ್ಮ ಕಟ್ಟೆಗೆ."

"ಯಾರ ಕಟ್ಟೆ?"

"ನಮ್ಮ ಮಹಾರಾಜರದ್ದು. ಅಗೋ, ಕಂಬದ ಹಿಂದೆ ಅಡಗಿದ್ದಾರಲ್ಲ. ಹೋದ ವರ್ಷ ಮುಂದಕ್ಕೆ ಎಳೆಸಿದ್ರು. ಅವತ್ತಿಂದ ಬಸ್ಸು ಇಲ್ಲಿ ನಿಂತು, ಹಿಂದೆ ಹೋಗಿ, ಮತ್ತೆ ತಿರುಗಿ, ಅಷ್ಟು ಹೊತ್ತಿಗೆ ಹಿಂದಿನ ಬಸ್ಸು ಬಂದಿರುತ್ತೆ. ಎಲ್ಲರಿಗೂ ಗೊತ್ತು. ದಿನಾ ಇದರ ಮೇಲೆ ಕೂತು ಹರಟೆ ಹೊಡೀತಾರಲ್ಲ, ಯಾರು ಹೇಳ್ತಾರೆ?"

"ನಾನು ಜೂನಲ್ಲೇ ಹೇಳಿದ್ದೆ" ಅಂದರು ಟೀಚರ್. "ದೃಶ್ಯ ಉದ್ದ ಆಗುತ್ತೆ ಅಂದ."

ನಕ್ಕರು ನೋಡು. ಚಪ್ಪಾಳೆ ಎಷ್ಟೋ ಕೇಳಿದ್ದೇನೆ, ಇಡೀ ಬೀದಿ ಬಿದ್ದು ಬಿದ್ದು ನಕ್ಕ ಆ ಸದ್ದು ಬೇರೆ. ಎದ್ದೆ. ಕಂಪನಿ ಮುಚ್ಚಿದ ದಿನ ನಿಂತು ಮಾತಾಡಲು ಎಲ್ಲೂ ಜಾಗವಿಲ್ಲ ಅನ್ನಿಸಿ ಕಟ್ಟಿಸಿದ ಕಟ್ಟೆ ಅದು, ನಿನಗೆ ಗೊತ್ತು. ಹೇಳಲು ನಾಲಿಗೆಯ ಮೇಲೆ ಒಂದು ಇಡೀ ಅಂಕವೇ ಸಾಲುಗಟ್ಟಿ ನಿಂತಿತ್ತು. ನಿನ್ನ ಅತ್ತಿಗೆ ನನ್ನನ್ನು ನೋಡಿದಳು. ಸಿಟ್ಟಿನಿಂದ ಅಲ್ಲ. ಮೆಟ್ಟಿಲಿಂದ ಇಳಿದು ಬಂದು "ಗಾಳಿ ಚೆನ್ನಾಗಿತ್ತು" ಅಂದಳಲ್ಲ, ಅದೇ ಮುಖ.

"ಹೌದು ಮೇಡಂ" ಅಂದೆ. ಅಷ್ಟೇ. ನನ್ನ ಜೀವಮಾನದ ಅತಿ ಚಿಕ್ಕ ಸಂಭಾಷಣೆ.

ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಕಟ್ಟೆ ಹೋಗಲಿ ಅಂದರೆ ಕನ್ನಡಕದಂಗಡಿಯವರು ತಮ್ಮಂಗಡಿಯ ಎರಡು ಮೆಟ್ಟಿಲೂ ಒಳಗೆ ಹೋಗಲಿ ಅಂದರು. ಬೇಕರಿಯವನು ಹೊರಗಿಟ್ಟ ಫ್ರಿಜ್ಜು ಒಳಗೆ ಎಳೆಯುತ್ತೇನೆ ಅಂದ. ಬಸ್ಸು ಬರುವ ಹೊತ್ತಿಗೆ ಬೈಕುಗಳನ್ನು ಬಲಗಡೆ ನಿಲ್ಲಿಸಬಾರದು ಅಂತ ಟೀಚರ್ ಕಾನೂನು ಮಾಡಿದರು, ಅದನ್ನು ಮೀರುವ ಧೈರ್ಯ ಯಾರಿಗಿದೆ? ಅಷ್ಟುದ್ದದ ಬಸ್ಸು ಯಾಕೆ, ಚಿಕ್ಕದು ಕಳಿಸಿ ಅಂತ ಮೂಲೆಯಿಂದ ಒಂದು ದನಿ ಬಂತು. ಅಧಿಕಾರಿ ಹೊರಡುವ ಮುಂಚೆ ತಾವು ಬರೆದುಕೊಂಡದ್ದನ್ನೆಲ್ಲ ಓದಿಹೇಳಿ, "ಇದೇ ತಾನೇ ನೀವು ಹೇಳಿದ್ದು?" ಅಂತ ಕೇಳಿದರು. ಎರಡು ಕಡೆ ತಿದ್ದಿಸಿದೆವು. ಕಟ್ಟೆ ಒಡೆಯಲು ಒಪ್ಪಿಗೆ ಇದ್ದವರು ಕೈ ಎತ್ತಿ ಅಂದಾಗ ನನ್ನ ಕೈಯೂ ಮೇಲಿತ್ತು. ಇಷ್ಟು ಎತ್ತರಕ್ಕೆ ಅದನ್ನು ನಾನು ರಾಜನ ಪಾರ್ಟಿನಲ್ಲೂ ಎತ್ತಿರಲಿಲ್ಲ.

ಇವತ್ತು ಏಣಿಯವನು ಬಂದ. ಹಳೆಯ ಆದೇಶ ಕಿತ್ತ, ಹೊಸದು ಅಂಟಿಸಿದ. ತಿಂಗಳ ಕೊನೆಯೊಳಗೆ ಬೀದಿ ತೆರವಾದರೆ ಬಸ್ಸು ಇಲ್ಲೇ, ಚಿಕ್ಕ ಬಸ್ಸು. ಕೆಳಗೆ, "ಬಂದ ಆಕ್ಷೇಪಣೆಗಳು" ಅನ್ನುವಲ್ಲಿಂದ ಮುಂದಕ್ಕೆ ಕಂಬದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಓದಬೇಕು, ಅಷ್ಟುದ್ದ. ತಟ್ಟೆಯಿದೆ, ಕಿಟಕಿಯಿದೆ, ಮಂಡಿಯಿದೆ. ನಾಡಿ ಎಲ್ಲೂ ಇಲ್ಲ. ಹುಡುಕಿದೆ.

ಕಟ್ಟೆಯ ಕಲ್ಲುಗಳನ್ನು ಏನು ಮಾಡುವುದು ಅಂತ ಬೇಕರಿಯವನು ಕೇಳಿದ. ಗೋಡೆಗೆ ಒತ್ತಿ ಒಂದು ಸಾಲು ಹಾಕಿ, ಬಸ್ಸು ಕಾಯುವವರು ಕೂರಲಿ ಅಂದಳು ನಿನ್ನ ಅತ್ತಿಗೆ. ಮಂಡಿ ನೋವಿಗೆಂದು ಹಾಕಿದ್ದ ಅವಳ ರಜೆ ಮುಗಿದಿದೆ, ಹೊಲಿಗೆ ಕೋಣೆಯಲ್ಲಿ ಬಟ್ಟೆ ಗುಡ್ಡೆ ಬಿದ್ದಿದೆಯಂತೆ, ಡಾಕ್ಟರುಗಳಿಗೆ ಬುದ್ಧಿ ಹೇಳುವವರಿಲ್ಲವಂತೆ.

ಆದ್ದರಿಂದ ಮಹಾಜನರೇ, ಹಾರೆಯನ್ನು ಬಾಗಿಲ ಪಕ್ಕ ಒರಗಿಸಿಟ್ಟಿದ್ದೇನೆ. ಸಿಂಹಾಸನ ಒಳಗೆ ಸೇರಿದೆ. ನಾಳೆ ಬೆಳಿಗ್ಗೆ ಅವಳ ಕೈಹಿಡಿದು ಮೊದಲ ಬಸ್ಸು ಹತ್ತಿಸುತ್ತೇನೆ, ಬೇಕರಿಯ ತಟ್ಟೆಯನ್ನೂ ಏರಿಸುತ್ತೇನೆ. ಆಮೇಲೆ ಕಟ್ಟೆಯ ಮುಂದಿನ ಅಂಚಿಗೆ, ರಾಜ ಬಂದು ನಿಲ್ಲುವ ಜಾಗಕ್ಕೇ, ಮೊದಲ ಏಟು ನಾನೇ ಹಾಕುತ್ತೇನೆ.